ಅವರ ಬದುಕು, ನಿಮ್ಮ ಸಿನಿಮಾ

2024ರ ನವೆಂಬರ್‌ನಲ್ಲಿ ತಮಿಳು ಚಿತ್ರರಂಗದ ಒಂದು ಜಗಳ ಬೀದಿಗೆ ಬಂತು. ನಟಿ ನಯನತಾರಾ ಕುರಿತ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದಲ್ಲಿ ‘ನಾನುಂ ರೌಡಿ ದಾನ್’ ಸಿನಿಮಾದ ಶೂಟಿಂಗ್ ಹೊತ್ತಿನ 3 ಸೆಕೆಂಡಿನ ತುಣುಕೊಂದಿತ್ತು. ಅದಕ್ಕಾಗಿ ಆ ಸಿನಿಮಾದ ನಿರ್ಮಾಪಕ ಧನುಷ್ 10 ಕೋಟಿ ರೂಪಾಯಿ ಕೇಳಿ ನೋಟಿಸು ಕಳಿಸಿದ್ದಾರೆಂದು ನಯನತಾರಾ ಬಹಿರಂಗ ಪತ್ರ ಬರೆದರು. ಯಾರ ಪರ ನಿಲ್ಲಬೇಕೆಂದು ಅಭಿಮಾನಿಗಳು ಕಾದಾಡಿದರು. ಆದರೆ 3 ಸೆಕೆಂಡಿನ ಬಿಂಬಕ್ಕೂ ಒಬ್ಬ ಒಡೆಯನಿರುತ್ತಾನೆ, ಅದನ್ನು ಬಳಸಲು ಅವನ ಅಪ್ಪಣೆ ಬೇಕು, ಬೆಲೆ ಕಟ್ಟುವುದಾದರೆ ಕೋಟಿಗಳಲ್ಲಿ ಕಟ್ಟಬಹುದು ಎಂಬ ಮಾತು ಮಾತ್ರ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಅದರ ಹಿಂದಿನ ವರ್ಷ, 2023ರ ಆಗಸ್ಟಿನಲ್ಲಿ, ನಮ್ಮ ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೈ ಕಾಡಿನಿಂದಲೂ ಒಂದು ನೋಟಿಸಿನ ಸುದ್ದಿ ಬಂದಿತ್ತು. ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರ ಆ ವರ್ಷದ ಮಾರ್ಚಿನಲ್ಲಿ ಆಸ್ಕರ್ ಗೆದ್ದಿತ್ತು. ಅದರಲ್ಲಿ ಕಾಣುವ ಮಾವುತ ದಂಪತಿ ಬೊಮ್ಮನ್ ಮತ್ತು ಬೆಳ್ಳಿ ತಮಗೆ ಬರಬೇಕಾದ್ದು ಬಂದಿಲ್ಲ, ಮದುವೆಯ ದೃಶ್ಯಕ್ಕೆ ತಾವೇ ಕೈಯಿಂದ ಹಣ ಹಾಕಿದ್ದೆವು ಎಂದು ದೂರಿದರು. 2 ಕೋಟಿ ಕೇಳಿ ವಕೀಲರ ಮೂಲಕ ನೋಟಿಸು ಹೋಯಿತು. ಚಿತ್ರ ತಯಾರಿಸಿದವರು ಆ ಆರೋಪಗಳೆಲ್ಲ ಸುಳ್ಳು ಎಂದರು. ಆಮೇಲೆ ಬೊಮ್ಮನ್ ಅವರೇ ಹಿಂದೆ ಸರಿದರೆಂಬ ವರದಿಯೂ ಬಂತು. ಈ ವ್ಯಾಜ್ಯದಲ್ಲಿ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ನನ್ನ ಗಮನ ಸೆಳೆದದ್ದು ಆಗ ಎದ್ದ ಗೊಣಗಾಟ. ಛೆ, ಎಷ್ಟು ಮುಗ್ಧರು ಅಂದುಕೊಂಡಿದ್ದೆವು, ದುಡ್ಡು ಕೇಳುತ್ತಿದ್ದಾರಲ್ಲ! ಯಾರೋ ತಲೆ ಕೆಡಿಸಿದ್ದಾರೆ. ರಾಷ್ಟ್ರಪತಿ ಭೇಟಿಯಾದರು, ಪ್ರಧಾನಿ ಭೇಟಿಯಾದರು, ಇನ್ನೇನು ಬೇಕು ಅವರಿಗೆ?

ಸಿನಿಮಾ ನಟನೊಬ್ಬ 3 ಸೆಕೆಂಡಿಗೆ 10 ಕೋಟಿ ಕೇಳಿದರೆ ಅದು ಹಕ್ಕು. ಮಾವುತನೊಬ್ಬ ತನ್ನ ಮನೆ, ಮದುವೆ, ಮಗುವಿನಂತೆ ಸಾಕಿದ ಆನೆಮರಿ, ಎಲ್ಲವನ್ನೂ ಕ್ಯಾಮೆರಾದ ಮುಂದಿಟ್ಟು ಲೆಕ್ಕ ಕೇಳಿದರೆ ಅದು ದುರಾಸೆ. ಈ ಅಸಹ್ಯ ಅಂತರಕ್ಕೆ ಸಾಕ್ಷ್ಯಚಿತ್ರ ಲೋಕದಲ್ಲಿ ಒಂದು ಸಿದ್ಧಾಂತವೇ ಇದೆ. ಬಡವರ ಬದುಕನ್ನು ಚಿತ್ರಿಸಲು ಒಳ್ಳೆಯ ಉದ್ದೇಶ ಇರಬೇಕು, ಒಂದು ಸಹಿ ಇರಬೇಕು, ಅಷ್ಟಾದರೆ ನಿರ್ದೇಶಕನ ಋಣ ತೀರಿತು; ಅದರ ಮೇಲೆ ಹಣ ಕೊಟ್ಟರೆ ಸತ್ಯ ಕೆಡುತ್ತದೆ, ಮುಂಚೆಯೇ ತೋರಿಸಿದರೆ ಸ್ವಾತಂತ್ರ್ಯ ಕೆಡುತ್ತದೆ. ಚಿತ್ರೋತ್ಸವಗಳ ಸಂವಾದದಲ್ಲಿ, ಸಿನಿಮಾ ಶಾಲೆಗಳ ಪಾಠದಲ್ಲಿ, ಅನುದಾನ ಕೊಡುವ ಸಂಸ್ಥೆಗಳ ಕರಾರಿನಲ್ಲಿ ಇದೇ ಮಾತು ಭಗವದ್ವಾಕ್ಯದಂತೆ ಓಡಾಡುತ್ತದೆ. ಇದರಲ್ಲಿ ಒಂದಂಶವೂ ನಿಲ್ಲುವಂಥದ್ದಲ್ಲ. ನಿರ್ದೇಶಕರ ಅನುಕೂಲಕ್ಕೆ ನಿರ್ದೇಶಕರೇ ಬರೆದುಕೊಂಡ ಧರ್ಮಶಾಸ್ತ್ರ ಇದು.

ಮೊದಲು ಆ ಸಹಿಯನ್ನೇ ನೋಡೋಣ.

ರಿಲೀಸ್ ಫಾರಂ ಎಂಬ ಕಾಗದವನ್ನು ನೀವು ಓದಿರಲಿಕ್ಕಿಲ್ಲ. ಸಹಿ ಹಾಕಿದವರೂ ಓದಿರುವುದಿಲ್ಲ. ಚಾಲ್ತಿಯಲ್ಲಿರುವ ಮಾದರಿಗಳು ಹೆಚ್ಚುಕಡಿಮೆ ಹೀಗೆ ಹೇಳುತ್ತವೆ: ನನ್ನ ರೂಪ, ದನಿ, ಹೆಸರು, ಜೀವನದ ವಿವರಗಳನ್ನು ಇಡೀ ಬ್ರಹ್ಮಾಂಡದಲ್ಲಿ, ಅನಂತ ಕಾಲದವರೆಗೆ, ಈಗಿರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ ಬಳಸಲು ಒಪ್ಪಿದ್ದೇನೆ, ಬೇಕಾದ ಹಾಗೆ ಕತ್ತರಿಸಬಹುದು, ಜೋಡಿಸಬಹುದು, ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ. ಬ್ರಹ್ಮಾಂಡ ಎಂದದ್ದು ನನ್ನ ಉತ್ಪ್ರೇಕ್ಷೆಯಲ್ಲ, ಆ ಕಾಗದಗಳ ಭಾಷೆಯೇ ಅದು. ನಾಳೆ ಮಂಗಳ ಗ್ರಹದಲ್ಲಿ ಥಿಯೇಟರು ತೆರೆದರೆ ಅಲ್ಲಿಗೂ ನಮ್ಮ ಊರಿನ ಕೂಲಿ ಹೆಣ್ಣುಮಗಳ ಅಳು ಹಕ್ಕಿನ ಸಮೇತ ಹೋಗುತ್ತದೆ.

ಯಾದಗಿರಿ ಕಡೆಯ ಒಂದು ಹಟ್ಟಿಯಲ್ಲಿ ಇದು ಹೇಗೆ ನಡೆಯುತ್ತದೆಂದು ಊಹಿಸಿಕೊಳ್ಳಿ. ಬೆಳಗಿನಿಂದ ಶೂಟಿಂಗ್ ಆಗಿದೆ, ಬೆಳಕು ಇಳಿದಿದೆ, ಕಾರಿನ ಡಿಕ್ಕಿಗೆ ಟ್ರೈಪಾಡ್ ಸೇರಿದೆ. ಸಹಾಯಕ ನಿರ್ದೇಶಕ ಇಂಗ್ಲಿಷ್ ಕಾಗದ ಹಿಡಿದು ಬರುತ್ತಾನೆ. “ಯಕ್ಕಾ, ಇಲ್ಲೊಂದು ಸಹಿ.” “ಏನದರೀ ತಮ್ಮಾ ಇದು?” “ಏನಿಲ್ಲಕ್ಕಾ, ಫಾರ್ಮಾಲಿಟಿ.” ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಯಾಕೆ ಒತ್ತದೆ ಇರಲಿ? ಬೆಳಗ್ಗೆ ಇವರಿಗೆ ಚಹಾ ಕೊಟ್ಟವಳು ಅವಳೇ. ಇವರನ್ನು ಕರೆದುಕೊಂಡು ಬಂದದ್ದು ಅವಳ ಪಿಂಚಣಿ ಅರ್ಜಿ ತುಂಬಿಕೊಡುವ ಸಂಸ್ಥೆಯ ಮನುಷ್ಯ. ಅವನ ಎದುರು ಬೇಡ ಅನ್ನುವುದು ಎಂದರೆ ಏನೆಂದು ಅವಳಿಗೆ ಗೊತ್ತು. ಇದನ್ನು ಒಪ್ಪಿಗೆ ಎಂದು ಫೈಲಿನಲ್ಲಿಡುವವರಿಗೆ ನಾಚಿಕೆಯಾಗಬೇಡವೇ?

ಅದೇ ಹಟ್ಟಿಗೆ ವೈದ್ಯಕೀಯ ಸಂಶೋಧಕನೊಬ್ಬ ಬಂದು ಅವಳ ರಕ್ತದ ಒಂದು ಸಿರಿಂಜು ಕೇಳಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅವನ ಕೈಕಟ್ಟುತ್ತದೆ. ಎಥಿಕ್ಸ್ ಕಮಿಟಿಯ ಅನುಮತಿ ತರಬೇಕು. ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದಿದ್ದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆಂದು ತಿಳಿಸಬೇಕು. ಹಾನಿಯಾದರೆ ಪರಿಹಾರ. ಹೋಗಲಿ, ಮೊಬೈಲಿನ ಒಂದು ಆ್ಯಪ್‌ಗೆ ನಿಮ್ಮ ಫೋನ್ ನಂಬರು ಬೇಕೆಂದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ: ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಅದನ್ನು ಕನ್ನಡದಲ್ಲಿ ಓದುವ ಆಯ್ಕೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ರಕ್ತಕ್ಕೆ ಇರುವ ಕಾವಲು, ಫೋನ್ ನಂಬರಿಗೆ ಇರುವ ಕಾವಲು ಮನುಷ್ಯಳ ಮುಖಕ್ಕೆ, ಅವಳ ಗಂಡನ ಕುಡಿತಕ್ಕೆ, ಸತ್ತ ಮಗುವಿನ ಕಥೆಗೆ ಬೇಡವಂತೆ. ಯಾಕೆಂದರೆ ಇದು ಕಲೆ!

ಒಪ್ಪಿಗೆಯ ಮಾತಿಗೆ ಕಾಲದ ಆಯಾಮವೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಕೋಲ್ಕತ್ತಾದ ಕೆಂಪುದೀಪ ಪ್ರದೇಶ ಸೋನಾಗಾಛಿಯ ಮಕ್ಕಳ ಬಗ್ಗೆ ತೆಗೆದ ‘ಬಾರ್ನ್ ಇನ್‌ಟು ಬ್ರಾಥೆಲ್ಸ್’ 2005ರಲ್ಲಿ ಆಸ್ಕರ್ ಪಡೆಯಿತು. ಮಕ್ಕಳ ಮತ್ತು ತಾಯಂದಿರ ಗುರುತು ಕಾಪಾಡಬೇಕೆಂಬ ಕಾರಣ ಕೊಟ್ಟು ಚಿತ್ರವನ್ನು ಭಾರತದಲ್ಲಿ ತೋರಿಸಲಿಲ್ಲ. ಅಂದರೆ ನಿರ್ದೇಶಕರಿಗೆ ಅಪಾಯ ಗೊತ್ತಿತ್ತು. ಗೊತ್ತಿದ್ದೂ ಲಾಸ್ ಏಂಜಲೀಸಿನಲ್ಲಿ ತೋರಿಸಬಹುದು, ಕೋಲ್ಕತ್ತಾದಲ್ಲಿ ತೋರಿಸಬಾರದು ಎಂಬ ಲೆಕ್ಕ ಹಾಕಿದರು. ಆ ಲೆಕ್ಕಕ್ಕೆ ಆಯುಸ್ಸು ಎಷ್ಟಿತ್ತು? ಇಂದು ಯಾವ ಚಿತ್ರಕ್ಕೂ ಗಡಿ ಇಲ್ಲ. ಯಾವನೋ ಎರಡು ನಿಮಿಷದ ತುಂಡು ಕತ್ತರಿಸಿ ರೀಲ್ಸ್‌ಗೆ ಹಾಕುತ್ತಾನೆ, ಅದಕ್ಕೊಂದು ದುಃಖದ ಸಂಗೀತ ಅಂಟಿಸುತ್ತಾನೆ, ಅದು ಗಂಡಿನ ಕಡೆಯವರ ವಾಟ್ಸ್‌ಆ್ಯಪ್ ಗುಂಪಿಗೆ ತಲುಪುತ್ತದೆ. ಹತ್ತನೇ ವಯಸ್ಸಿನಲ್ಲಿ ಕ್ಯಾಮೆರಾ ಮುಂದೆ ನಕ್ಕ ಹುಡುಗಿ ಇಪ್ಪತ್ತೈದರಲ್ಲಿ ಅದರ ಬೆಲೆ ತೆರುತ್ತಾಳೆ. ಯಾವ ಸಹಿ ಇದನ್ನೆಲ್ಲ ಮುಂಗಂಡು ಒಪ್ಪಿಕೊಂಡಿತ್ತು?

ಐಸಿಸ್‌ನ ಸೆರೆಯಿಂದ ಯಜಿದಿ ಹೆಣ್ಣುಮಕ್ಕಳನ್ನು ಬಿಡಿಸುವ ಕಥೆಯ ‘ಸಬಾಯಾ’ 2021ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಅದರಲ್ಲಿ ಕಾಣಿಸಿದ ಕೆಲವು ಹೆಣ್ಣುಮಕ್ಕಳು ತಾವು ಒಪ್ಪಿಯೇ ಇರಲಿಲ್ಲ ಎಂದು ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ಗೆ ಹೇಳಿದರು. ನಿರ್ದೇಶಕರು ಒಪ್ಪಿಗೆ ಪಡೆದಿದ್ದೆ ಎಂದರು. ಲೈಂಗಿಕ ಗುಲಾಮಗಿರಿಯಿಂದ ಆಗಷ್ಟೇ ಹೊರಬಂದು, ತನ್ನನ್ನು ಬಿಡಿಸಿದವರ ಮನೆಯಲ್ಲೇ ಉಳಿದಿರುವ ಹೆಣ್ಣು ಕ್ಯಾಮೆರಾಕ್ಕೆ ಬೇಡ ಅನ್ನಲು ಸಾಧ್ಯವಿತ್ತೇ? ಈ ಪ್ರಶ್ನೆ ಸನ್‌ಡಾನ್ಸ್‌ನ ತೀರ್ಪುಗಾರರಿಗೆ ಹೊಳೆಯದೆ, ಪತ್ರಕರ್ತರಿಗೆ ಹೊಳೆಯಬೇಕಾಯಿತು. ಪ್ರಶಸ್ತಿಯ ಅರ್ಜಿಯಲ್ಲಿ ಸೌಂಡ್ ಫಾರ್ಮ್ಯಾಟ್ ಯಾವುದೆಂದು ಕೇಳುವ ಕಾಲಂ ಇರುತ್ತದೆ. ಇದಕ್ಕೆ ಕಾಲಂ ಇಲ್ಲ.

ಇನ್ನು ಹಣ. ಈ ವಿಚಾರದಲ್ಲಿ ನಮ್ಮ ನಿರ್ದೇಶಕರು ಒಮ್ಮೆಲೇ ಸನ್ಯಾಸಿಗಳಾಗಿಬಿಡುತ್ತಾರೆ. ಕ್ಯಾಮೆರಾಮನ್‌ಗೆ ಸಂಬಳ, ಸೌಂಡ್‌ನವನಿಗೆ ಸಂಬಳ, ಡ್ರೋನ್ ಹಾರಿಸುವವನಿಗೆ ಬಾಡಿಗೆ, ಡ್ರೈವರಿಗೆ ಬಾಟಾ, ಎಡಿಟರಿಗೆ ದಿನದ ಲೆಕ್ಕ, ಸಬ್‌ಟೈಟಲ್ ಬರೆಯುವವನಿಗೆ ನಿಮಿಷದ ಲೆಕ್ಕ. ಇವರಲ್ಲಿ ಯಾರಿಗೆ ಹಣ ಕೊಟ್ಟರೂ ಸತ್ಯಕ್ಕೆ ಏನೂ ಆಗುವುದಿಲ್ಲ. ಯಾರ ಬದುಕಿಲ್ಲದೆ ಸಿನಿಮಾವೇ ಇಲ್ಲವೋ ಆ ಒಬ್ಬಳಿಗೆ ಕೊಟ್ಟ ಕೂಡಲೇ ಸತ್ಯ ಮೈಲಿಗೆಯಾಗುತ್ತದೆ. ಎಂಥ ಸೂಕ್ಷ್ಮ ಸತ್ಯವಪ್ಪಾ ಇದು, ಬಡವರ ಕೈ ತಾಕಿದರೆ ಮಾತ್ರ ಕೆಡುತ್ತದೆ! ನರೇಗಾದಲ್ಲಿ ಗುಂಡಿ ತೋಡಿದರೆ ಕರ್ನಾಟಕದಲ್ಲಿ 2025-26ರ ಲೆಕ್ಕಕ್ಕೆ ದಿನಕ್ಕೆ 370 ರೂಪಾಯಿ ಕೂಲಿ ಇತ್ತು. ನಿಮ್ಮ ಕ್ಯಾಮೆರಾ ಮುಂದೆ ಇಡೀ ದಿನ ಕೂತು, ಮೂರು ಸಲ ಬಾವಿಯಿಂದ ನೀರು ಸೇದಿ ತೋರಿಸಿ, ಆ ದಿನದ ಕೂಲಿ ಕಳೆದುಕೊಂಡ ಹೆಣ್ಣಿಗೆ ಅದೂ ಇಲ್ಲ.

ಸತ್ಯದ ಮಡಿಯ ಬಗ್ಗೆ ಹೇಳುವವರು ತಮ್ಮ ಕುಲದ ಚರಿತ್ರೆಯನ್ನೇ ಒಮ್ಮೆ ತಿರುವಿ ನೋಡಲಿ. ಸಾಕ್ಷ್ಯಚಿತ್ರದ ಆದಿಪುರುಷನೆಂದು ಹೊಗಳಿಸಿಕೊಳ್ಳುವ ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ಗೆ (1922) ಹಣ ಹಾಕಿದ್ದು ರೆವಿಲಾನ್ ಫ್ರೇರ್ ಎಂಬ ಫ್ರೆಂಚ್ ತುಪ್ಪಳದ ಕಂಪನಿ. ಇನ್ಯೂಟರು ಹಿಡಿದ ನರಿಯ ತುಪ್ಪಳವನ್ನು ಕೊಳ್ಳುತ್ತಿದ್ದ ಕಂಪನಿಯೇ ಇನ್ಯೂಟರ ಸಿನಿಮಾವನ್ನೂ ಮಾಡಿಸಿತು. ನಾಯಕನ ನಿಜ ಹೆಸರು ನಾನೂಕ್ ಆಗಿರಲಿಲ್ಲ, ಅಲ್ಲಾಕರಿಯಾಲಾಕ್. ಹೆಂಡತಿಯೆಂದು ತೋರಿಸಿದಾಕೆ ಅವನ ಹೆಂಡತಿಯಲ್ಲ. ಬಂದೂಕು ಬಳಸಿ ಬೇಟೆಯಾಡುತ್ತಿದ್ದವರ ಕೈಗೆ ಹಳೆಯ ಈಟಿ ಕೊಡಿಸಲಾಯಿತು. ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಅರ್ಧ ಗೋಡೆಯನ್ನೇ ತೆಗೆಸಿ, ಕೊರೆಯುವ ಚಳಿಯಲ್ಲಿ ಅವರನ್ನು ಮಲಗಿಸಿ ಏಳಿಸಲಾಯಿತು. ಕೊನೆಗೆ ಅವನ ಸಾವನ್ನೂ ಬಿಡಲಿಲ್ಲ. ಅವನು ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿ ಹೇಳಿಕೊಂಡು ಬಂದರು. ಕಾಯಿಲೆಯಿಂದ ಸತ್ತಿರಬೇಕೆಂಬುದು ನಂತರದವರು ಕಂಡುಕೊಂಡದ್ದು. ಹಸಿವಿನ ಸಾವು ಹಿಮದ ನಾಯಕನಿಗೆ ಒಪ್ಪುತ್ತದೆ ತಾನೇ. 1935ರಲ್ಲಿ ಲಂಡನ್ನಿನ ಕೊಳೆಗೇರಿಯ ಜನರನ್ನು ಮೊದಲ ಬಾರಿಗೆ ಕ್ಯಾಮೆರಾ ಮುಂದೆ ಅವರ ಬಾಯಿಂದಲೇ ಮಾತಾಡಿಸಿದ ‘ಹೌಸಿಂಗ್ ಪ್ರಾಬ್ಲಮ್ಸ್’ ಚಿತ್ರವಿದೆ, ಅದಕ್ಕೆ ದುಡ್ಡು ಕೊಟ್ಟದ್ದು ಗ್ಯಾಸ್ ಉದ್ಯಮ. ಹೊಸ ಮನೆಗಳು ಎದ್ದರೆ ಗ್ಯಾಸ್ ಒಲೆಗಳು ಮಾರಾಟವಾಗುತ್ತವೆ. ತುಪ್ಪಳದ ಸಾಹುಕಾರನ ದುಡ್ಡಿಗೆ, ಗ್ಯಾಸ್ ಕಂಪನಿಯ ದುಡ್ಡಿಗೆ ಕೆಡದ ಸತ್ಯ, ಯಾದಗಿರಿಯ ಯಕ್ಕನಿಗೆ ಕೊಡುವ ದಿನಗೂಲಿಗೆ ಕೆಡುತ್ತದೆಯೇ?

ಹಣದ ಆಸೆಗೆ ಜನ ಸುಳ್ಳು ಹೇಳುತ್ತಾರೆ ಎನ್ನುತ್ತೀರಿ. ಹಣವಿಲ್ಲದೆ ಹೇಳಿದ್ದೆಲ್ಲ ನಿಜ ಎಂದು ನಿಮಗೆ ಭರವಸೆ ಕೊಟ್ಟವರಾರು? ಸಂಸ್ಥೆಯವರನ್ನು ಮೆಚ್ಚಿಸಲು, ದೊಡ್ಡ ಕ್ಯಾಮೆರಾ ತಂದವರು ಸರ್ಕಾರಿ ಮನೆ ಕೊಡಿಸಿಯಾರೆಂಬ ಆಸೆಗೆ, ನೀವು ಏನು ಕೇಳಲು ಬಂದಿದ್ದೀರೆಂದು ಮುಖ ನೋಡಿ ಅರಿತು ಹೇಳುವ ಮಾತುಗಳು ಎಷ್ಟಿಲ್ಲ? ವೈದ್ಯಕೀಯ ಸಂಶೋಧನೆಯವರು ಈ ಗಂಟನ್ನು ಎಂದೋ ಬಿಡಿಸಿದ್ದಾರೆ. ಕಳೆದ ಕೂಲಿ, ಓಡಾಟದ ಖರ್ಚು, ಆದ ತೊಂದರೆ, ಇವುಗಳಿಗೆ ಹಣ ಕೊಡಬಹುದು; ಅದು ಆಮಿಷವಾಗದಂತೆ ಕಮಿಟಿ ಕಣ್ಣಿಡಬೇಕು. ಏನು ಹೇಳಬೇಕೆಂಬುದಕ್ಕೆ ಹಣ ಕೊಡಬೇಡಿ, ಹೇಳಲು ಕಳೆದ ಹೊತ್ತಿಗೆ ಕೊಡಿ. ಇಷ್ಟು ಸರಳ. ಆದರೂ ನೂರು ವರ್ಷದಿಂದ ಈ ಕಲೆಯ ಪಂಡಿತರಿಗೆ ಅದು ಹೊಳೆದಿಲ್ಲ ಎಂದರೆ, ಹೊಳೆಯುವುದು ಅವರಿಗೆ ಬೇಕಿರಲಿಲ್ಲ ಎಂದೇ ಅರ್ಥ.

ಫ್ರಾನ್ಸಿನ ಒಂದು ಹಳ್ಳಿ ಶಾಲೆಯ ಮೇಷ್ಟರ ಬಗ್ಗೆ ನಿಕೊಲಾ ಫಿಲಿಬೇರ್ ತೆಗೆದ ‘ಎತ್ರ್ ಎ ಅವ್ವಾರ್’ 2002ರಲ್ಲಿ ಥಿಯೇಟರುಗಳಲ್ಲಿ ಭರ್ಜರಿಯಾಗಿ ಓಡಿತು. ಮೇಷ್ಟರು 2,50,000 ಯೂರೋ ಕೇಳಿ ಕೋರ್ಟಿಗೆ ಹೋದರು, ಸೋತರು. ಸಾಕ್ಷ್ಯಚಿತ್ರದ ಮಂದಿ ನಿಟ್ಟುಸಿರು ಬಿಟ್ಟರು: ಉಳಿದುಕೊಂಡೆವು, ಇಲ್ಲದಿದ್ದರೆ ಸಾಕ್ಷ್ಯಚಿತ್ರವೇ ಸಾಯುತ್ತಿತ್ತು! ಕಾನೂನಿನ ಕಣ್ಣಿಗೆ ಮೇಷ್ಟರು ನಟನಲ್ಲ, ಪಾಠ ಮಾಡಿದ್ದು ಅವರ ದಿನದ ಕೆಲಸ, ಸರಿ. ಆದರೆ ಕಾನೂನು ಕೊಡಬೇಕಿಲ್ಲ ಎಂದದ್ದನ್ನು ಮನಸ್ಸು ಕೊಡಬಾರದು ಎಂದು ಯಾಕೆ ಓದಿಕೊಂಡಿತು? ಚಿಕಾಗೋದ ಇಬ್ಬರು ಬಾಸ್ಕೆಟ್‌ಬಾಲ್ ಹುಡುಗರ ಹಿಂದೆ ವರ್ಷಗಟ್ಟಲೆ ಅಲೆದು ತೆಗೆದ ‘ಹೂಪ್ ಡ್ರೀಮ್ಸ್’ (1994) ಲಾಭ ಮಾಡಿದಾಗ ಅದರ ತಯಾರಕರು ಆ ಕುಟುಂಬಗಳಿಗೆ ಪಾಲು ಕೊಟ್ಟರು. ಆ ಚಿತ್ರದ ಸತ್ಯ ಎಲ್ಲಿ ಕೆಟ್ಟಿತು, ಯಾವ ಫ್ರೇಮಿನಲ್ಲಿ, ತೋರಿಸಿ ನೋಡೋಣ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಮ್ಮದೇ ಆದರೂ ಅದನ್ನು ಉದ್ಯಮದ ನಿಯಮವಾಗಿ ಜಾರಿಗೆ ತಂದವರು ಇವರು.

ಈಗ ಅತ್ಯಂತ ಜಂಬದ ಮಾತಿಗೆ ಬರೋಣ: ನಾವು ದನಿಯಿಲ್ಲದವರ ದನಿ.

ಯಾರ್ರೀ ಈ ದನಿಯಿಲ್ಲದವರು? 2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರ ಅಂತರ್ಜಾಲಕ್ಕೆ ಬಂತು, ದೇವದಾಸಿಯರ ಬಗ್ಗೆ. ಉತ್ತರ ಕರ್ನಾಟಕವೂ ಇತ್ತು, ಗಡಿಯಾಚೆಯ ಸಾಂಗ್ಲಿಯಲ್ಲಿ ಲೈಂಗಿಕ ಕಾರ್ಯಕರ್ತೆಯರು ಕಟ್ಟಿದ ‘ವ್ಯಾಂಪ್’ ಸಂಘಟನೆಯ ಹೆಣ್ಣುಮಕ್ಕಳೂ ಇದ್ದರು. ಶೀರ್ಷಿಕೆಯೇ ಸಾಕು, ಒಳಗಿನ ದೃಷ್ಟಿ ತಿಳಿಯಲು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬುದು ಇಷ್ಟು ಅಕ್ಷರಶಃ ನಿಜವಾದದ್ದು ಬೇರೆ ಇರಲಾರದು. ಆದರೆ ಆ ಹೆಣ್ಣುಮಕ್ಕಳು ಅಳುತ್ತ ಕೂರಲಿಲ್ಲ. ಚಿತ್ರ ನೋಡಿದರು, ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರದ ವಿಡಿಯೊ ಮಾಡಿದರು, ತಮ್ಮನ್ನು ಹೇಗೆ ತಪ್ಪಾಗಿ ತೋರಿಸಲಾಗಿದೆ ಎಂದು ಬಿಡಿಸಿ ಹೇಳಿದರು. ಸೋನಾಗಾಛಿಯಲ್ಲೂ ಹಾಗೆಯೇ. ಅಲ್ಲಿನ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ, ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆ, ತಮ್ಮ ಮಕ್ಕಳಿಗಾಗಿ ತಾವು ಮಾಡಿದ ಕೆಲಸವೇ ಆಸ್ಕರ್ ಚಿತ್ರದಲ್ಲಿಲ್ಲ ಎಂದು ಆಕ್ಷೇಪಿಸಿತು. ಹೊರಗಿನಿಂದ ಬಂದ ಒಬ್ಬಾಕೆ ಮಕ್ಕಳನ್ನು ಉದ್ಧರಿಸುವ ಕಥೆಗೆ ತಾಯಂದಿರ ಸಂಘಟನೆ ಅಡ್ಡಿಯಾಗುತ್ತದಲ್ಲವೇ, ಅದಕ್ಕೆ ಎಡಿಟಿಂಗ್ ಟೇಬಲಿನ ಮೇಲೆಯೇ ಜಾಗ ಸಿಗಲಿಲ್ಲ.

ಇನ್ನೂ ಇತ್ತೀಚಿನ ಉದಾಹರಣೆ ಬೇಕೇ? ‘ರೈಟಿಂಗ್ ವಿತ್ ಫೈರ್’. ಉತ್ತರಪ್ರದೇಶದ ‘ಖಬರ್ ಲಹರಿಯಾ’ ಪತ್ರಿಕೆಯ ದಲಿತ ಪತ್ರಕರ್ತೆಯರ ಬಗ್ಗೆ ಗೌರವದಿಂದ, ಪ್ರೀತಿಯಿಂದ ತೆಗೆದ ಚಿತ್ರ. 2022ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಸಮಾರಂಭದ ಹೊಸ್ತಿಲಲ್ಲಿ ‘ಖಬರ್ ಲಹರಿಯಾ’ ಒಂದು ಹೇಳಿಕೆ ಕೊಟ್ಟಿತು. ಚಿತ್ರ ಪರಿಣಾಮಕಾರಿಯಾಗಿದೆ, ಆದರೆ ನಾವು ಒಂದೇ ಪಕ್ಷದ ಸುತ್ತ ವರದಿ ಮಾಡುವವರಂತೆ ಕಾಣಿಸುತ್ತೇವೆ, ಅದು ನಮ್ಮ ಕೆಲಸದ ನಿಜವಾದ ಚಿತ್ರ ಅಲ್ಲ ಎಂದು. ಇವರು ಯಾರು? ಇಪ್ಪತ್ತು ವರ್ಷ ಸುದ್ದಿಯನ್ನೇ ಬರೆದವರು. ಹೆಡ್‌ಲೈನ್ ಎಂದರೇನು, ಕತ್ತರಿಸುವುದೆಂದರೇನು ಎಂಬುದನ್ನು ಚಿತ್ರೋತ್ಸವದ ಯಾವ ಕ್ಯುರೇಟರಿಗಿಂತಲೂ ಚೆನ್ನಾಗಿ ಬಲ್ಲವರು. ಅವರಿಗೇ ತಮ್ಮ ಚಿತ್ರದ ಮೇಲಿನ ಹಿಡಿತ ಇಷ್ಟೆಂದರೆ, ಓದು ಬರಹ ಬಾರದ ಯಕ್ಕನ ಗತಿ ಏನು?

ಆನಂದ್ ಪಟವರ್ಧನ್ 1985ರಲ್ಲಿ ಮುಂಬೈನ ಕೊಳೆಗೇರಿ ತೆರವಿನ ಬಗ್ಗೆ ‘ಬಾಂಬೆ ಅವರ್ ಸಿಟಿ’ ಮಾಡಿದರು. ಅದರಲ್ಲಿ ಗುಡಿಸಲು ಕಳೆದುಕೊಂಡ ಒಬ್ಬ ಹೆಂಗಸು ಕ್ಯಾಮೆರಾಕ್ಕೇ ತಿರುಗಿಬಿದ್ದು ಬೈಯುತ್ತಾಳೆ. ಬಡವರ ಫೋಟೊ ತೆಗೆದು ಹೆಸರು ಮಾಡಿಕೊಳ್ಳಲು ಬಂದವರು ನೀವು, ನಿಮ್ಮಿಂದ ನಮಗೇನು ಎಂಬ ಧಾಟಿಯಲ್ಲಿ. ಪಟವರ್ಧನ್ ಆ ಬೈಗುಳವನ್ನು ಕತ್ತರಿಸಲಿಲ್ಲ. ಸಾಕ್ಷ್ಯಚಿತ್ರದ ತರಗತಿಗಳಲ್ಲಿ ಈ ದೃಶ್ಯವನ್ನು ಪ್ರಾಮಾಣಿಕತೆಯ ಮಾದರಿಯೆಂದು ತೋರಿಸುತ್ತಾರೆ. ನಿರ್ದೇಶಕನ ಪ್ರಾಮಾಣಿಕತೆಯನ್ನು ಮೆಚ್ಚಿ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಅವಳ ಪ್ರಶ್ನೆಗೆ ಉತ್ತರ? ನಾಲ್ಕು ದಶಕವಾಯಿತು. ಬೈಗುಳವೂ ಸಿಲಬಸ್ಸಿಗೆ ಸೇರಿ ಜೀರ್ಣವಾಯಿತು.

ಇಷ್ಟು ಹೇಳಿದ ಮೇಲೆ ಒಂದು ಬಾಣ ಬಂದೇ ಬರುತ್ತದೆ: ಹಾಗಾದರೆ ಭ್ರಷ್ಟ ಮಂತ್ರಿಗೂ ಮುಂಚೆಯೇ ಸಿನಿಮಾ ತೋರಿಸಿ ಅಪ್ಪಣೆ ಕೇಳಬೇಕೇ? ಗಣಿ ಧಣಿಗೆ ಲಾಭದಲ್ಲಿ ಪಾಲು ಕೊಡಬೇಕೇ? ಈ ಪ್ರಶ್ನೆಯಲ್ಲೇ ಇಡೀ ಮೋಸ ಅಡಗಿದೆ. ನಿರ್ದೇಶಕನ ಸ್ವಾತಂತ್ರ್ಯ ಎಂಬ ಗುರಾಣಿಯನ್ನು ಮಾಡಿದ್ದು ಬಲಶಾಲಿಗಳ ಎದುರು ಹಿಡಿಯಲು. ಮಂತ್ರಿಗೆ ಪೊಲೀಸರಿದ್ದಾರೆ, ವಕೀಲರಿದ್ದಾರೆ, ಚಾನೆಲ್ಲುಗಳಿವೆ. ಅವನ ಒಪ್ಪಿಗೆ ಇಲ್ಲದೆಯೂ ಅವನನ್ನು ತೋರಿಸಲೇಬೇಕು. ಆದರೆ ನಿಜದಲ್ಲಿ ಈ ಗುರಾಣಿ ಯಾರ ಎದುರು ಏಳುತ್ತದೆ? ಮೈಕೆಲ್ ಜೋರ್ಡನ್ ಬಗೆಗಿನ ‘ದಿ ಲಾಸ್ಟ್ ಡಾನ್ಸ್’ (2020) ತಯಾರಿಕೆಯಲ್ಲಿ ಜೋರ್ಡನ್ ಅವರದೇ ಕಂಪನಿ ಪಾಲುದಾರ. ‘ಬೆಕಮ್’ (2023) ತಯಾರಿಕೆಯಲ್ಲಿ ಬೆಕಮ್ ಅವರದೇ ಸ್ಟುಡಿಯೊ. ತಾರೆಗೆ ತನ್ನ ಕಥೆಯ ತಯಾರಿಕೆಯಲ್ಲೇ ಪಾಲು, ಹಣವೂ ಉಂಟು, ಕೂರಲು ಕುರ್ಚಿಯೂ ಉಂಟು. ಅಲ್ಲಿ ಸತ್ಯದ ಮಡಿ ಎಲ್ಲಿ ಹೋಯಿತು? ಅಂದರೆ ಒಡೆತನ ಹಂಚಿಕೊಳ್ಳುವುದು ಅಸಾಧ್ಯ ಎಂಬುದು ಶುದ್ಧ ಸುಳ್ಳು. ಬಲವುಳ್ಳವರೊಂದಿಗೆ ದಿನವೂ ಹಂಚಿಕೊಳ್ಳುತ್ತಿದ್ದೀರಿ. ಕಲಾವಿದನ ಸ್ವಾತಂತ್ರ್ಯ, ಸತ್ಯದ ಪಾವಿತ್ರ್ಯ ಇವೆಲ್ಲ ನೆನಪಾಗುವುದು ಮಾವುತನ ಮುಂದೆ, ದೇವದಾಸಿಯ ಮುಂದೆ, ಹುಚ್ಚಾಸ್ಪತ್ರೆಯ ಬೆತ್ತಲೆ ರೋಗಿಯ ಮುಂದೆ.

ಹೌದು, ಬೆತ್ತಲೆ ರೋಗಿ. ಫ್ರೆಡರಿಕ್ ವೈಸ್‌ಮನ್ 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಬ್ರಿಜ್‌ವಾಟರ್ ಎಂಬಲ್ಲಿ ಅಪರಾಧಿ ಮನೋರೋಗಿಗಳ ಆಸ್ಪತ್ರೆಯ ಮೇಲೆ ‘ಟಿಟಿಕಟ್ ಫಾಲೀಸ್’ ಮಾಡಿದರು. ಅಲ್ಲಿನ ಕ್ರೌರ್ಯವನ್ನು ಬಯಲಿಗೆಳೆದ ದೊಡ್ಡ ಚಿತ್ರ, ಅನುಮಾನವಿಲ್ಲ. ರೋಗಿಗಳ ಖಾಸಗಿತನದ ಹೆಸರು ಹೇಳಿ ಸರ್ಕಾರ ಕೋರ್ಟಿಗೆ ಹೋಯಿತು, 1991ರವರೆಗೆ ಸಾಮಾನ್ಯ ಪ್ರೇಕ್ಷಕರು ಅದನ್ನು ನೋಡದಂತೆ ತಡೆಯಿತು. ಸರ್ಕಾರ ಮಾಡಿದ್ದು ತನ್ನ ಮಾನ ಮುಚ್ಚಿಕೊಳ್ಳಲು, ಅದೂ ನಿಜ. ಎರಡು ದಶಕ ಮೀರಿ ನಡೆದ ಆ ಜಗ್ಗಾಟದಲ್ಲಿ ಸರ್ಕಾರದ ಹಕ್ಕಿನ ಬಗ್ಗೆ ವಾದವಾಯಿತು, ಕಲಾವಿದನ ಹಕ್ಕಿನ ಬಗ್ಗೆ ವಾದವಾಯಿತು. ಕ್ಯಾಮೆರಾ ಮುಂದೆ ಬೆತ್ತಲೆ ನಿಂತವರು ಎರಡೂ ಕಡೆಯವರಿಗೆ ಪುರಾವೆಯಾಗಿ ಒದಗಿದರು.

ಬೇರೆ ದಾರಿ ಇಲ್ಲವೆಂಬ ನೆಪಕ್ಕೂ ಬೆಂಗಳೂರಿನಲ್ಲೇ ಉತ್ತರ ಇದೆ, ಅದನ್ನು ನಾವೇ ಮರೆತಿದ್ದೇವೆ. 1980ರಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಎಂಬ ಗುಂಪು ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘಟಿತರಾಗಿ ಮಾಲೀಕರ ವಿರುದ್ಧ ಎದ್ದಿದ್ದ ಕಾಲ. ಯುಗಾಂತರ್‌ನವರು ಅಲ್ಲಿ ತಿಂಗಳುಗಟ್ಟಲೆ ಆ ಹೆಣ್ಣುಮಕ್ಕಳ ಜೊತೆ ಕಳೆದರು, ಕೇಳಿಸಿಕೊಂಡರು, ಏನನ್ನು ಹೇಗೆ ತೋರಿಸಬೇಕೆಂಬುದನ್ನು ಅವರೊಂದಿಗೆ ಕೂತು ಕಟ್ಟಿದರು. ತಮ್ಮ ಹೋರಾಟದ ಪ್ರಸಂಗಗಳನ್ನು ಅವರೇ ಮತ್ತೆ ಆಡಿ ತೋರಿಸಿದರು. 1982ರಲ್ಲಿ ಬಂದ ಆ ಮರಾಠಿ ಚಿತ್ರ ‘ತಂಬಾಕು ಚಾಕಿಲಾ ಊಬ್ ಆಲಿ’ ಅರ್ಧ ಗಂಟೆಯೂ ಇಲ್ಲ. ಹ್ಯಾಂಡಿಕ್ಯಾಮ್ ಕೂಡ ಇಲ್ಲದ ಕಾಲ, ಫಿಲ್ಮಿನ ಅಡಿ ಅಡಿಗೂ ದುಡ್ಡು ಎಣಿಸಬೇಕಾದ ಕಾಲ. ಆಗ ಸಾಧ್ಯವಾದದ್ದು ಈಗ, ಲ್ಯಾಪ್‌ಟಾಪಿನಲ್ಲಿ ರಫ್ ಕಟ್ ಇಟ್ಟುಕೊಂಡು ಬಸ್ಸು ಹತ್ತಿದರೆ ಸಂಜೆಗೆ ಹಟ್ಟಿಯಲ್ಲಿ ತೋರಿಸಬಹುದಾದ ಈ ಕಾಲದಲ್ಲಿ, ಅಸಾಧ್ಯವಂತೆ!

ಒಪ್ಪಿಗೆಯನ್ನು ಹಿಂದಕ್ಕೆ ಕೊಡುವುದೂ ಅಸಾಧ್ಯವಲ್ಲ. ಜಪಾನಿನ ಮಿನಮಾಟದಲ್ಲಿ ಪಾದರಸದ ವಿಷಕ್ಕೆ ತುತ್ತಾದ ಮಗಳನ್ನು ತಾಯಿ ಸ್ನಾನ ಮಾಡಿಸುವ ಯೂಜೀನ್ ಸ್ಮಿತ್ ಅವರ 1971ರ ಫೋಟೊ ಲೋಕಪ್ರಸಿದ್ಧ. ಮಗಳು 1977ರಲ್ಲಿ ತೀರಿಕೊಂಡಳು. ಇಪ್ಪತ್ತು ವರ್ಷ ಕಳೆದ ಮೇಲೆ ತಂದೆತಾಯಿ, ಅವಳು ಇನ್ನಾದರೂ ವಿಶ್ರಮಿಸಲಿ ಎಂದು ಬಯಸಿದರು. ಆ ಫೋಟೊದ ಹಕ್ಕು ಹೊಂದಿದ್ದ ಐಲೀನ್ ಸ್ಮಿತ್ 1998ರಲ್ಲಿ ಅದರ ಬಗ್ಗೆ ತೀರ್ಮಾನಿಸುವ ಹಕ್ಕನ್ನು ತಂದೆತಾಯಿಗೇ ಬಿಟ್ಟುಕೊಟ್ಟರು. ವಿಷ ಸುರಿದ ಕಂಪನಿಯ ಪಾಪ ಅದರಿಂದ ತೊಳೆದುಹೋಗಲಿಲ್ಲ. ಚರಿತ್ರೆ ಅಳಿಸಿಹೋಗಲಿಲ್ಲ.

ಹಾಗಾಗಿ ಇನ್ನು ಕೇಳಿಕೊಳ್ಳುವುದು ಸಾಕು, ಕಟ್ಟುಪಾಡು ಬೇಕು. ನಿರ್ದೇಶಕರ ಅಂತಃಸಾಕ್ಷಿಯ ಮೇಲೆ ಬಿಟ್ಟು ನೂರು ವರ್ಷ ನೋಡಿದ್ದಾಗಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ, ಸಾಕ್ಷ್ಯಚಿತ್ರಗಳಿಗೆ ಹಣ ಕೊಡುವ ಪ್ರತಿಯೊಂದು ಸಂಸ್ಥೆ ತಮ್ಮ ಅರ್ಜಿಗೆ ಒಂದು ಪುಟ ಸೇರಿಸಲಿ. ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿತ್ತು, ಓದಿ ಹೇಳಿದವರು ಯಾರು, ಲಗತ್ತಿಸಿ. ಚಿತ್ರದಲ್ಲಿರುವ ಬಲಹೀನರಿಗೆ ಎಡಿಟಿಂಗ್ ಮುಗಿಯುವ ಮೊದಲು ಅವರ ಊರಿನಲ್ಲಿ, ಅವರ ಭಾಷೆಯಲ್ಲಿ ತೋರಿಸಿದ್ದೀರಾ, ದಿನಾಂಕ ಬರೆಯಿರಿ. ಅವರು ತೆಗೆಯಿರಿ ಎಂದದ್ದನ್ನು ತೆಗೆದಿರಾ, ಇಲ್ಲವಾದರೆ ಯಾಕೆ. ಅವರ ಹೊತ್ತಿಗೆ ಬಜೆಟ್ಟಿನಲ್ಲಿ ಯಾವ ಸಾಲಿನಲ್ಲಿ ಎಷ್ಟು ಹಣ. ಲಾಭ ಬಂದರೆ, ಪ್ರಶಸ್ತಿಯ ಹಣ ಬಂದರೆ ಅವರ ಪಾಲೆಷ್ಟು, ಮೊದಲೇ ಬರೆದು ಕೊಟ್ಟ ಕರಾರಿನ ಪ್ರತಿ. ಮಕ್ಕಳಿದ್ದರೆ, ಅವರಿಗೆ ಹದಿನೆಂಟು ತುಂಬಿದ ದಿನ ಮತ್ತೆ ಕೇಳುವ ಜವಾಬ್ದಾರಿ ಯಾರದು. ಈ ಪುಟ ಖಾಲಿಯಿದ್ದರೆ ಅರ್ಜಿಯನ್ನು ವಾಪಸು ಕಳಿಸಿ, ಚಿತ್ರ ಎಷ್ಟೇ ಅದ್ಭುತವಾಗಿರಲಿ. ಆಳುವವರ, ದೋಚುವವರ ಮೇಲಿನ ಚಿತ್ರಗಳಿಗೆ ಈ ಪುಟ ಬೇಡ, ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಬಂದ ನಾಡಿನಲ್ಲಿ ಇಷ್ಟಾದರೂ ಕೇಳಲು ಹಿಂಜರಿಕೆ ಯಾಕೆ?

ಪ್ರೇಕ್ಷಕರಾದ ನಾವೂ ಈ ವ್ಯವಹಾರದಲ್ಲಿ ಪಾಲುದಾರರೇ. ಕಣ್ಣೊರೆಸಿಕೊಂಡು, ಎಷ್ಟು ಸುಂದರ ಛಾಯಾಗ್ರಹಣ ಎಂದು ಹೊರಬರುವವರು ನಾವೇ. ಮುಂದಿನ ಸಲ ಪ್ರದರ್ಶನ ಮುಗಿದು ಮೈಕು ನಿಮ್ಮ ಕೈಗೆ ಬಂದಾಗ, ನಿಮಗೆ ಈ ವಿಷಯ ಹೇಗೆ ಹೊಳೆಯಿತು ಸರ್ ಎಂದು ಕೇಳಬೇಡಿ. ಈ ಚಿತ್ರದಲ್ಲಿರುವ ಆ ಅಮ್ಮ ಇದನ್ನು ನೋಡಿದ್ದಾರೆಯೇ, ಏನೆಂದರು, ಅವರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ. ಸಭಿಕರು ಮುಖ ಸಿಂಡರಿಸುತ್ತಾರೆ, ನಿರೂಪಕರು ಸಮಯದ ಅಭಾವ ಎನ್ನುತ್ತಾರೆ. ಮೈಕು ಬಿಡಬೇಡಿ, ಮತ್ತೆ ಕೇಳಿ. ಉತ್ತರ ಬರದಿದ್ದರೆ ಆ ಚಿತ್ರಕ್ಕೆ ಚಪ್ಪಾಳೆ ತಟ್ಟಬೇಡಿ, ಮತ ಹಾಕಬೇಡಿ, ಅದರ ಲಿಂಕನ್ನು ಯಾರಿಗೂ ಕಳಿಸಬೇಡಿ.